ಮೂರಿಲ್ಲದ ದಾಳ

ಜನ ಅವರನ್ನು ಕರೆಯುತ್ತಿದ್ದುದು ಆಟದ ಮೇಷ್ಟ್ರು ಅಂತ. ಗೊತ್ತಿಲ್ಲದವರು ಡ್ರಿಲ್ ಮೇಷ್ಟ್ರು ಅಂದುಕೊಂಡು, "ನಮ್ಮ ಹುಡುಗನಿಗೆ ಓಟ ಕಲಿಸ್ತೀರಾ ಸಾರ್?" ಅಂತ ಬಾಗಿಲಿಗೆ ಬರುತ್ತಿದ್ದರು. ಮೇಷ್ಟ್ರಿಗೆ ಓಟ ಎಲ್ಲಿಂದ ಬರಬೇಕು? ಬಸ್ಸು ತಪ್ಪಿ ಹೋಗುತ್ತಿದ್ದರೂ ಓಡಿದವರಲ್ಲ. ಅವರು ಕಲಿಸುತ್ತಿದ್ದುದು ಎರಡನೇ ಕ್ಲಾಸಿನ ಮಕ್ಕಳಿಗೆ ಲೆಕ್ಕ. ಆಡಿಸಿ ಕಲಿಸುತ್ತಿದ್ದರು, ಅಷ್ಟೇ.

ಅವರ ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಇದ್ದದ್ದು ಒಂದು ಕೋಣೆ, ಒಂದು ಅಡುಗೆಮನೆ. ಕಿಟಕಿ ಪಕ್ಕ ಹೊಲಿಗೆ ಮಿಷನ್ನು. ಮಿಷನ್ನಿನ ಕೆಳಗೆ ಚಿಂದಿ ಬಟ್ಟೆಯ ಮೂಟೆ. ಮಕ್ಕಳಾಗಲಿಲ್ಲ. ಅವಳು ಶಾಲೆ ಬಿಟ್ಟಾಗ ಕಳೆಯುವ ಲೆಕ್ಕ ಇನ್ನೂ ಬಂದಿರಲಿಲ್ಲ. ಬಟ್ಟೆಯ ಅಳತೆ ಬರುತ್ತಿತ್ತು, ಕೈ ರೂಢಿಯಿಂದ. ಉಳಿದದ್ದನ್ನೆಲ್ಲ ಗಂಡನ ಎದುರು ಚಾಪೆಯ ಮೇಲೆ ಕೂತು ಕಲಿತಳು.

ಕಲಿಸಬೇಕು ಅಂತ ಅವರೇನೂ ಕಲಿಸಲಿಲ್ಲ. ಕ್ಲಾಸಿಗೆ ಹೊಸ ಆಟ ಮಾಡಿದಾಗಲೆಲ್ಲ ಮೊದಲು ಹೆಂಡತಿಯ ಮೇಲೆ ಪ್ರಯೋಗ ಮಾಡುತ್ತಿದ್ದರು. ಊಟವಾಗಿ ತಟ್ಟೆ ತೊಳೆದಿಟ್ಟ ಮೇಲೆ ಬಾಟಲಿ ಮುಚ್ಚಳಗಳನ್ನು ಹರಡುತ್ತಿದ್ದರು. ಇಲ್ಲವೇ ಹಗ್ಗಕ್ಕೆ ಗಂಟು ಹಾಕಿ ನೆಲದ ಮೇಲೆ ಉದ್ದಕ್ಕೆ ಹಾಸುತ್ತಿದ್ದರು.

"ನಿನಗೆ ಬೇಜಾರಾದ್ರೆ ಮಕ್ಕಳಿಗೂ ಬೇಜಾರಾಗುತ್ತೆ. ಅದಕ್ಕೇ ನೋಡ್ತಿದ್ದೀನಿ" ಅಂತಿದ್ದರು.

"ಅಂದ್ರೆ ನನ್ನ ಬುದ್ಧಿ ಎರಡನೇ ಕ್ಲಾಸಿಂದು ಅಂತಾಯ್ತು."

"ಇಲ್ಲ ಕಣೇ. ಎರಡನೇ ಕ್ಲಾಸಿನವರ ಬುದ್ಧಿ ನಿನ್ನಷ್ಟಿದೆ ಅಂತಾಯ್ತು."

ಮಾತಿಗೆ ಮಾತು ಕೊಡುವುದರಲ್ಲಿ ಇಬ್ಬರೂ ಕಡಿಮೆ ಇರಲಿಲ್ಲ.

ಅವರ ಕ್ಲಾಸಿನ ಮಕ್ಕಳು ಬೆಲ್ ಹೊಡೆದರೂ ಹೊರಗೆ ಓಡುತ್ತಿರಲಿಲ್ಲ. ಅದು ಬೇರೆ ಟೀಚರುಗಳ ಕಣ್ಣಿಗೆ ಚುಚ್ಚುತ್ತಿತ್ತು. ಕೆಲವು ಅಪ್ಪ ಅಮ್ಮಂದಿರು ಬಂದು ಮೂಗು ಮುರಿಯುತ್ತಿದ್ದರು. "ಆಡೋದಕ್ಕಾದ್ರೆ ನಮ್ಮ ಬೀದಿಯೇ ಇದೆಯಲ್ಲ ಸಾರ್, ಇಷ್ಟು ದೂರ ಯಾಕೆ ಕಳಿಸಬೇಕು?" ಅಂತಿದ್ದರು. ಮೇಷ್ಟ್ರು ಕೋಪ ಮಾಡಿಕೊಳ್ಳುತ್ತಿರಲಿಲ್ಲ. ಹಾಗಂದವರನ್ನೇ ಕೂರಿಸಿ ಒಂದು ಸುತ್ತು ಆಡಿಸಿ ಕಳಿಸುತ್ತಿದ್ದರು. ಕೆಲವರು ಸೋತು, ಇನ್ನೊಂದು ಸುತ್ತು ಆಡಿಸಿ ಅಂತ ಕೂತುಬಿಡುತ್ತಿದ್ದರು.

ಕೆಲಸ ಮಾತ್ರ ಕಾಯಂ ಆಗಿರಲಿಲ್ಲ. ಸೇರುವಾಗ ಹೆಡ್ ಮೇಷ್ಟ್ರು ಹೇಳಿದ್ದರು, "ಈ ವರ್ಷ ತಾತ್ಕಾಲಿಕ ಅಂತ ಇರಲಿ, ಮುಂದಿನ ವರ್ಷ ನೋಡೋಣ" ಅಂತ. ಮುಂದಿನ ವರ್ಷ ಬಂತು. ಆಗಲೂ ಮುಂದಿನ ವರ್ಷ ಅಂದರು. ಮೇಷ್ಟ್ರ ತಲೆಯಲ್ಲಿ ಬಿಳಿ ಕೂದಲು ಬಂದವು, ಮುಂದಿನ ವರ್ಷ ಮಾತ್ರ ಬರಲಿಲ್ಲ. ಕಾಯಂ ಆಗದವರಿಗೆ ಬೇಸಿಗೆ ರಜೆಯಲ್ಲಿ ಸಂಬಳವಿಲ್ಲ. ಸ್ಟಾಫ್ ರೂಮಿನಲ್ಲಿ ಸ್ವಂತದ್ದೊಂದು ಕುರ್ಚಿಯೂ ಇಲ್ಲ. ಯಾರು ಎದ್ದರೆ ಅವರ ಜಾಗದಲ್ಲಿ ಕೂರಬೇಕು. ಅವರು ಬಂದರೆ ಮತ್ತೆ ಏಳಬೇಕು. ಮೇಷ್ಟ್ರು ಅಲ್ಲಿಗೆ ಹೋಗುವುದನ್ನೇ ಬಿಟ್ಟರು. ಮಧ್ಯಾಹ್ನದ ಡಬ್ಬಿಯನ್ನು ಕ್ಲಾಸಿನಲ್ಲೇ ತೆಗೆಯುತ್ತಿದ್ದರು.

ಈಗ ದಾಳದ ವಿಷಯ.

ಹಳೇ ಪರದೆಯೊಂದರ ಮೇಲೆ ಬಣ್ಣಬಣ್ಣದ ಚೌಕ ಹೊಲಿದು ಅವಳು ಒಂದು ಹಾಸು ಮಾಡಿಕೊಟ್ಟಿದ್ದಳು. ಚೌಕದಿಂದ ಚೌಕಕ್ಕೆ ಒಂದು ದಾರಿ. ಕೊನೆಯಲ್ಲಿ ಬಾಗಿಲು. ದಾಳ ಎಸೆಯಬೇಕು, ಆದರೆ ಕಾಯಿ ಎತ್ತುವ ಮೊದಲು ಅದು ಎಷ್ಟನೇ ಮನೆಗೆ ಹೋಗುತ್ತದೆ ಅಂತ ಬಾಯಲ್ಲಿ ಹೇಳಬೇಕು. ತಪ್ಪು ಹೇಳಿದರೆ ಕಾಯಿ ಇದ್ದಲ್ಲೇ. ಹೀಗೆ ಕೂಡುವುದನ್ನು ಕಲಿಯುತ್ತಿದ್ದರು. ಬಾಗಿಲಿಗೆ ಸ್ವಲ್ಪ ಮೊದಲು ಒಂದು ಕಪ್ಪು ಮನೆ. ಅದರ ಹೆಸರು ಬಾವಿ. ಎಲ್ಲ ಕಾಯಿಯೂ ಅಲ್ಲಿ ನಿಲ್ಲಲೇಬೇಕು. ಬಾವಿಯಿಂದ ಮೇಲೆ ಬರಬೇಕಾದರೆ ಮೂರು ಬೀಳಬೇಕು. ಬೇರೆ ಯಾವುದು ಬಿದ್ದರೂ ಆಗದು.

ಮೊದಲು ಇದ್ದದ್ದು ಮರದ ದಾಳ. ಕಲ್ಲು ನೆಲದ ಮೇಲೆ ಟಕಟಕ ಸದ್ದು. ಪಕ್ಕದ ಕ್ಲಾಸಿನ ಟೀಚರಿಗೆ ಗಟ್ಟಿ ಗಂಟಲು. ಅವರು ಪಾಠ ಮಾಡಿದರೆ ಬೀದಿಗೆ ಕೇಳುತ್ತಿತ್ತು. ಆದರೂ ದಾಳದ ಸದ್ದಿಗೆ ತಮ್ಮ ತಲೆ ಸಿಡಿಯುತ್ತದೆ ಅಂತ ದೂರು ಹೇಳಿದರು. ಹೆಡ್ ಮೇಷ್ಟ್ರು ಬಾಗಿಲಲ್ಲಿ ನಿಂತು, ಮಕ್ಕಳ ಎದುರೇ ಕೇಳಿದರು:

"ಏನ್ರೀ ಮೇಷ್ಟ್ರೇ, ಇದು ಸ್ಕೂಲೋ ಜೂಜಿನ ಅಡ್ಡೆಯೋ?"

ಅವತ್ತು ಮೇಷ್ಟ್ರು ಮನೆಗೆ ಬಂದು ಮರದ ದಾಳವನ್ನು ಮಿಷನ್ನಿನ ಮೇಲಿಟ್ಟರು. "ಸದ್ದಾಗದ ದಾಳ ಒಂದು ಹೊಲಿದುಕೊಡು."

ಯೂನಿಫಾರ್ಮಿನ ನೀಲಿ ಬಟ್ಟೆ ಉಳಿದಿತ್ತು. ಅವಳು ಅದರಲ್ಲಿ ಚೌಕ ಚೌಕವಾಗಿ ಕತ್ತರಿಸಿ, ಬಿಳಿ ದಾರದಲ್ಲಿ ಚುಕ್ಕೆ ಗಂಟು ಹಾಕಿದಳು. ಮಧ್ಯೆ ಯಾರೋ ಅಳತೆ ಕೊಡಲು ಬಂದರು. ಅವರ ಜೊತೆ ಮಾತು, ಮಾತಿನ ಮೇಲೆ ಮಾತು. ಅವರು ಹೋದ ಮೇಲೆ ಉಳಿದ ಚೌಕ ಮುಗಿಸಿದಳು. ಒಳಗೆ ಚಿಂದಿ ತುಂಬಿ ಬಾಯಿ ಹೊಲಿದಳು. ಮುದ್ದಾದ ದಾಳ. ಎಸೆದರೆ ಬೆಕ್ಕು ಕಾಲಿಟ್ಟ ಹಾಗೆ, ಸದ್ದೇ ಇಲ್ಲ.

ಮಾರನೇ ದಿನ ಕ್ಲಾಸಿನಲ್ಲಿ ಎಲ್ಲರ ಕಾಯಿಯೂ ಬಾವಿಯಲ್ಲಿ ಬಿದ್ದು ಅಲ್ಲೇ ಕೂತವು. ಒಬ್ಬರೂ ಮೇಲೆ ಬರಲಿಲ್ಲ. ಕೆಲವರು ದಾಳಕ್ಕೆ ಉಫ್ ಅಂತ ಊದಿ ಎಸೆದರು. ಕೆಲವರು ಕಣ್ಣು ಮುಚ್ಚಿ ಎಸೆದರು. ಒಬ್ಬ ಅಳುವುದಕ್ಕೆ ಶುರು ಮಾಡಿದ. "ಅದೃಷ್ಟ ಇಲ್ಲದಿದ್ರೆ ಏನ್ ಮಾಡೋದಪ್ಪಾ, ನಾಳೆ ಬೀಳುತ್ತೆ" ಅಂತ ಮೇಷ್ಟ್ರೇ ಸಮಾಧಾನ ಮಾಡಿದರು. ಆಗ ಮುಂದಿನ ಸಾಲಿನ ಒಂದು ಕುಳ್ಳು ಹುಡುಗಿ ದಾಳವನ್ನು ಕೈಗೆ ತೆಗೆದುಕೊಂಡು, ಹಣ್ಣು ತಿರುಗಿಸಿ ನೋಡುವ ಹಾಗೆ ಎಲ್ಲ ಕಡೆ ತಿರುಗಿಸಿ ನೋಡಿದಳು.

"ಸಾರ್, ಇದರಲ್ಲಿ ಮೂರೇ ಇಲ್ಲ. ನಾಲ್ಕು ಎರಡು ಕಡೆ ಇದೆ."

ಸಂಜೆ ಹೆಂಡತಿಗೆ ವಿಷಯ ಗೊತ್ತಾಗಿ ನಾಚಿಕೆಯಾಯಿತು. ಬ್ಲೇಡು ಹಿಡಿದು ಹೊಲಿಗೆ ಬಿಚ್ಚಲು ಕೂತಳು. ಮೇಷ್ಟ್ರು ಕೈ ಹಿಡಿದರು.

"ಬಿಚ್ಚಬೇಡ. ಇಂಥ ದಾಳ ನಾನು ಯೋಚನೆ ಮಾಡಿದ್ರೂ ಸಿಗ್ತಿರಲಿಲ್ಲ."

"ಹೊಲಿದದ್ದು ತಪ್ಪು ರೀ. ಅದನ್ನ ತಗೊಂಡು ಮೆರವಣಿಗೆ ಮಾಡ್ತೀರಾ?"

"ಮಕ್ಕಳು ಮೂರು ಬೀಳಲಿಲ್ಲ ಅಂತ ತಮ್ಮ ಹಣೆಬರಹ ಬೈಕೊಳ್ತಿದ್ರು ಕಣೇ. ನಾನೂ ಅದೃಷ್ಟ ಅಂದೆ. ಆ ಕುಳ್ಳಿ ಒಬ್ಬಳು ದಾಳ ನೋಡಿದಳು. ಇದಕ್ಕಿಂತ ದೊಡ್ಡ ಲೆಕ್ಕ ಇನ್ನೇನಿದೆ?"

ಅಲ್ಲಿಂದ ಪ್ರತಿ ವರ್ಷ ಹೊಸ ಕ್ಲಾಸಿಗೆ ಅದೇ ದಾಳ. ಮೇಷ್ಟ್ರು ಏನೂ ಹೇಳುತ್ತಿರಲಿಲ್ಲ. ಮಕ್ಕಳು ಬಾವಿಯಲ್ಲಿ ಕೂತು ಕಾಯುತ್ತಿದ್ದರು, ಜಗಳವಾಡುತ್ತಿದ್ದರು, ಒಬ್ಬರಿಗೊಬ್ಬರು ದರಿದ್ರ ಅಂತ ಹೆಸರಿಡುತ್ತಿದ್ದರು. ಮೇಷ್ಟ್ರು ಬೋರ್ಡಿನ ಮೇಲೆ ಒಂದೇ ಕೆಲಸ ಮಾಡಿಸುತ್ತಿದ್ದರು. ಬಿದ್ದದ್ದೆಲ್ಲಕ್ಕೂ ಗೆರೆ ಎಳೆಸುವುದು. ಒಂದಕ್ಕೆ ಇಷ್ಟು ಗೆರೆ, ಎರಡಕ್ಕೆ ಇಷ್ಟು. ನಾಲ್ಕರ ಮುಂದೆ ಗೆರೆಗಳ ಕಾಡು. ಮೂರರ ಮುಂದೆ ಖಾಲಿ. ಆ ಖಾಲಿ ಜಾಗವನ್ನು ನೋಡಿ ನೋಡಿ ಯಾವುದೋ ಒಂದು ಮಗುವಿಗೆ ಒಂದು ದಿನ ಹೊಳೆಯುತ್ತಿತ್ತು. "ದಾಳ ಕೊಡಿ ಸಾರ್, ನೋಡ್ಬೇಕು" ಅನ್ನುತ್ತಿತ್ತು. ಅವತ್ತು ಮೇಷ್ಟ್ರು ಮನೆಗೆ ಬರುವ ನಡಿಗೆಯೇ ಬೇರೆ. ದೂರದಿಂದಲೇ ಅವಳಿಗೆ ಗೊತ್ತಾಗುತ್ತಿತ್ತು. ಈ ವರ್ಷದ್ದೂ ಆಯಿತು ಅಂತ.

ವಿಚಿತ್ರ ಅಂದರೆ, ಮೇಲಿನ ಕ್ಲಾಸಿಗೆ ಹೋದ ಮಕ್ಕಳು ಬಾಯಿ ಬಿಡುತ್ತಿರಲಿಲ್ಲ. ಯಾರೂ ಹೇಳಿಕೊಟ್ಟದ್ದಲ್ಲ. ಸ್ವಂತ ತಮ್ಮ ತಂಗಿಯರು ಅತ್ತು ಕೇಳಿದರೂ, "ನೀನೇ ಕಂಡುಹಿಡಿ" ಅಂದು ನಗುತ್ತಿದ್ದರಂತೆ. ಕಂಡುಕೊಂಡವರದ್ದೇ ಒಂದು ಪಂಗಡವಾಗಿತ್ತು.

ಒಂದು ವರ್ಷ ಒಬ್ಬಳು ದಾಳವನ್ನೂ ನೋಡಲಿಲ್ಲ, ಗೆರೆಯನ್ನೂ ನೋಡಲಿಲ್ಲ. ಬಾವಿಯಿಂದ ತನ್ನ ಕಾಯಿಯನ್ನು ಕೈಯಲ್ಲಿ ಎತ್ತಿಕೊಂಡು, "ನಾನಾಡಲ್ಲ" ಅಂತ ಎದ್ದು ಹೋಗಿ ಕಿಟಕಿ ಹತ್ತಿರ ನಿಂತಳಂತೆ. ಮೇಷ್ಟ್ರು ಊಟ ಮಾಡುವಾಗ ಇದನ್ನು ಹೇಳಿ ಹೇಳಿ ನಕ್ಕರು.

"ಎಂಥಾ ಹುಡುಗಿ ನೋಡು. ಮೂರು ಬೀಳಲ್ಲ ಅಂತ ಗೊತ್ತಾಗದಿದ್ರೂ, ಈ ಆಟ ಸರಿಯಿಲ್ಲ ಅಂತ ಗೊತ್ತಾಯ್ತು ಅವಳಿಗೆ."

ಹೆಂಡತಿ ನಗಲಿಲ್ಲ. "ನೀವು ಯಾವಾಗ ಎತ್ತಿಕೊಳ್ತೀರಿ?" ಅಂದಳು.

"ಏನನ್ನ?"

"ನಿಮ್ಮ ಕಾಯಿ."

ಮೇಷ್ಟ್ರು ತಟ್ಟೆಯಲ್ಲೇ ಕೈ ತೊಳೆದುಕೊಂಡು ಎದ್ದರು. ಆ ರಾತ್ರಿ ಹೊಸ ಆಟ ಯಾವುದನ್ನೂ ಹರಡಲಿಲ್ಲ.

ಅವಳು ಸುಮ್ಮನೆ ಹೇಳಿದ್ದಲ್ಲ. ಅವಳ ತಮ್ಮ ಮೊಳೆ, ಬಣ್ಣ, ಪೈಪು ಮಾರುವ ಅಂಗಡಿ ಇಟ್ಟಿದ್ದ. ನಂಬಿಕೆಯ ಮನುಷ್ಯ ಬೇಕು ಅಂತ ಬಂದಾಗಲೆಲ್ಲ ಕರೆಯುತ್ತಿದ್ದ. "ಬನ್ನಿ ಭಾವ, ನಿಮಗೆ ಅಂತ ಒಂದು ಕುರ್ಚಿ ಹಾಕಿಸ್ತೀನಿ. ತಿರುಗೋ ಕುರ್ಚಿ. ಬೇಕಿದ್ರೆ ಅದರ ಮೇಲೆ ಕೂತು ಆಡ್ಕೊಳ್ಳಿ."

"ಮಕ್ಕಳು?" ಅನ್ನುತ್ತಿದ್ದರು ಮೇಷ್ಟ್ರು.

"ಅವು ನಿಮ್ಮ ಮಕ್ಕಳಾ? ವರ್ಷಕ್ಕೊಂದು ಸಲ ಬದಲಾಗ್ತವೆ."

"ಈ ಸಲ ಕಾಯಂ ಆಗೇ ಆಗುತ್ತೆ ಅಂದಿದ್ದಾರಪ್ಪಾ. ಹೆಡ್ ಮೇಷ್ಟ್ರೇ ಬಾಯಿ ಬಿಟ್ಟು ಹೇಳಿದ್ದಾರೆ."

ತಮ್ಮ, ಅಕ್ಕನ ಮುಖ ನೋಡುತ್ತಿದ್ದ. ಅಕ್ಕ ಮಿಷನ್ ತುಳಿಯುತ್ತಿದ್ದಳು.

ಆಮೇಲೆ ಆ ವರ್ಷ ಬಂತು. ಮೇಲಿನಿಂದ ದೊಡ್ಡ ಅಧಿಕಾರಿಗಳು ಬರುತ್ತಾರೆ, ಆಟದಿಂದ ಪಾಠ ಮಾಡುವ ಶಾಲೆ ಯಾವುದು ಅಂತ ನೋಡಿ ಪ್ರಶಸ್ತಿ ಕೊಡುತ್ತಾರೆ ಅಂತ ಸುದ್ದಿ. ಜೂಜಿನ ಅಡ್ಡೆ ಅಂದಿದ್ದ ಹೆಡ್ ಮೇಷ್ಟ್ರೇ ಈಗ ಮೇಷ್ಟ್ರ ಹೆಗಲ ಮೇಲೆ ಕೈ ಹಾಕಿದರು. "ನಿಮ್ಮ ಕ್ಲಾಸನ್ನೇ ತೋರಿಸೋಣ. ಇದೊಂದು ಆಗಿಬಿಡ್ಲಿ, ನಿಮ್ಮ ಕೆಲಸ ಆಯ್ತು ಅಂತಲೇ ತಿಳ್ಕೊಳ್ಳಿ."

ಮೇಷ್ಟ್ರು ಎಳೆ ಹುಡುಗನ ಹಾಗೆ ಮನೆಗೆ ಬಂದರು. ಶರಟಿಗೆ ಇಸ್ತ್ರಿ ಮಾಡಿಸಿದರು. ಹಾಸನ್ನು ಒಗೆಸಿದರು. ಆ ವರ್ಷದ ಮಕ್ಕಳಿಗೆ ದಾಳದ ಗುಟ್ಟು ಇನ್ನೂ ಸಿಕ್ಕಿರಲಿಲ್ಲ, ಆದರೆ ಹತ್ತಿರ ಬಂದಿದ್ದರು. ಬೋರ್ಡಿನ ಮೇಲಿನ ಖಾಲಿ ಜಾಗವನ್ನು ಬೆರಳು ಮಾಡಿ ತೋರಿಸಲು ಶುರು ಮಾಡಿದ್ದರು. "ಅವರ ಎದುರೇ ಯಾವುದಾದರೂ ಮಗು ದಾಳ ಕೇಳುತ್ತೆ ನೋಡು. ಅವರೇ ಕಣ್ಣಾರೆ ನೋಡಲಿ, ಹೇಗೆ ಕಲೀತಾರೆ ಅಂತ" ಅಂದರು. ಆ ರಾತ್ರಿ ನಿದ್ದೆ ಮಾಡಲಿಲ್ಲ.

ಬೆಳಿಗ್ಗೆ ಹೆಡ್ ಮೇಷ್ಟ್ರು ಕ್ಲಾಸಿಗೆ ಬಂದು ನೀಲಿ ದಾಳವನ್ನು ನೋಡಿ ಮುಖ ಸಿಂಡರಿಸಿದರು. ಅದು ಅಷ್ಟು ವರ್ಷದ ಕೈಕೊಳೆಯಿಂದ ಕಪ್ಪಾಗಿತ್ತು. ಜೇಬಿನಿಂದ ಹೊಚ್ಚ ಹೊಸ ಪ್ಲಾಸ್ಟಿಕ್ ದಾಳ ತೆಗೆದರು. ಹಳದಿ ಬಣ್ಣದ್ದು.

"ಇದನ್ನ ಇಟ್ಕೊಳ್ಳಿ. ಆ ಚಿಂದಿ ಒಳಗಿಡಿ."

"ಸಾರ್, ಇದರಲ್ಲಿ ಮೂರಿದೆ."

"ಮೂರಿರದೆ ಇನ್ನೇನ್ರೀ ಇರುತ್ತೆ? ಮೂರಿಲ್ಲದ ದಾಳ ಎಲ್ಲಾದ್ರೂ ಉಂಟಾ?"

"ಸಾರ್, ನಮ್ಮದರಲ್ಲಿ..."

ಅಷ್ಟರಲ್ಲಿ ಗೇಟಿನಲ್ಲಿ ಕಾರು ನಿಂತಿತು. ಹೆಡ್ ಮೇಷ್ಟ್ರು ಓಡಿದರು.

ಅಧಿಕಾರಿಗಳು ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಮಕ್ಕಳು ಹಾಸಿನ ಸುತ್ತ ಕೂತರು. ಕಾಯಿಗಳೆಲ್ಲ ಬಾವಿಯಲ್ಲಿದ್ದವು. ಮೊದಲ ಮಗು ಎಸೆಯಿತು. ಮೂರು ಬಿತ್ತು. ಕ್ಲಾಸೇ ಹಾರಿ ಹೋಗುವ ಹಾಗೆ ಕಿರುಚಾಟ. ಮಕ್ಕಳು ಎದ್ದು ಕುಣಿದರು. ಅಧಿಕಾರಿಗಳೂ ಚಪ್ಪಾಳೆ ತಟ್ಟಿದರು. ಇಷ್ಟು ಖುಷಿಯ ಕ್ಲಾಸನ್ನು ನಾವು ಎಲ್ಲೂ ನೋಡಿಲ್ಲ ಅಂದರು. ಒಬ್ಬೊಬ್ಬರಾಗಿ ಎಲ್ಲರೂ ಬಾವಿಯಿಂದ ಎದ್ದು ಬಾಗಿಲು ದಾಟಿದರು. ಹೋಗುವಾಗ ಒಂದು ಮಗು ಹೆಡ್ ಮೇಷ್ಟ್ರನ್ನೇ ಕೇಳಿತು, "ಸಾರ್, ಹಳೇ ದಾಳಕ್ಕೆ ಏನಾಗಿತ್ತು?"

"ಅದು ಹಳೇದು ಪುಟ್ಟಾ. ದರಿದ್ರ. ಇದು ಹೊಸದು."

ಮಕ್ಕಳು ಅವತ್ತು ಕಲಿತದ್ದು ಇಷ್ಟೇ.

ಮೇಷ್ಟ್ರು ಮನೆಗೆ ಬಂದು ಗೋಡೆ ಕಡೆ ಮುಖ ಮಾಡಿ ಮಲಗಿದರು. ಶರಟನ್ನೂ ಬಿಚ್ಚಿರಲಿಲ್ಲ.

"ಏನಾಯ್ತು ರೀ? ಅವರಿಗೆ ಇಷ್ಟ ಆಗಲಿಲ್ವಾ?"

"ತುಂಬಾ ಇಷ್ಟ ಆಯ್ತು."

"ಮತ್ತೆ?"

"ಮೂರು ಬಿತ್ತು ಕಣೇ" ಅಂದರು. ಉಳಿದದ್ದನ್ನು ಅವಳು ಚೂರು ಚೂರಾಗಿ ಕೇಳಿ ತಿಳಿದುಕೊಳ್ಳಬೇಕಾಯಿತು.

ಶಾಲೆಗೆ ಪ್ರಶಸ್ತಿ ಬಂತು. ಫೋಟೋದಲ್ಲಿ ಹೆಡ್ ಮೇಷ್ಟ್ರು ಹಳದಿ ದಾಳ ಹಿಡಿದು ನಿಂತಿದ್ದಾರೆ. ಗಟ್ಟಿ ಗಂಟಲ ಟೀಚರ್ ಕೂಡ ಪಕ್ಕದಲ್ಲಿ ನಗುತ್ತಿದ್ದಾರೆ. ಮೇಷ್ಟ್ರು ಫೋಟೋದಲ್ಲಿಲ್ಲ. ಕಾಯಂ ಇರುವವರು ಮಾತ್ರ ನಿಲ್ಲಿ ಅಂದರಂತೆ. ಕೆಲಸದ ವಿಷಯ ಕೇಳಿದಾಗ ಹೆಡ್ ಮೇಷ್ಟ್ರು, "ಈ ಸಲ ಪ್ರಶಸ್ತಿ ಗಲಾಟೆಯಲ್ಲೇ ಮುಗೀತು, ಮುಂದಿನ ವರ್ಷ ಖಂಡಿತ" ಅಂದರು. ಮೇಷ್ಟ್ರು ಅದಕ್ಕೂ ತಲೆಯಾಡಿಸಿ ಬಂದರು. ಹೆಂಡತಿಗೆ ಹೆಡ್ ಮೇಷ್ಟ್ರ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ಆ ತಲೆಯಾಡಿಸಿದ್ದರ ಮೇಲೆ ಬಂತು. ಮಕ್ಕಳಿಗೆ ದಾಳ ನೋಡಿ ಅಂತ ಕಲಿಸುವ ಮನುಷ್ಯ ತಾನು ಮಾತ್ರ ತನ್ನ ದಾಳವನ್ನು ಒಂದು ಸಲವೂ ತಿರುಗಿಸಿ ನೋಡಲಿಲ್ಲ.

ಮಳೆ ಮುಗಿಯುವ ಹೊತ್ತಿಗೆ ಜ್ವರ ಬಂತು. ಕಾಯಂ ಆಗದವರು ರಜೆ ಹಾಕಿದರೆ ಅದೇ ನೆಪವಾಗುತ್ತದೆ ಅಂತ ಜ್ವರದಲ್ಲೇ ಹೋದರು. ಎದೆಗೆ ಇಳಿಯಿತು. ಆಸ್ಪತ್ರೆಯಲ್ಲಿ ಹಾಸಿಗೆ ಸಿಗುವಷ್ಟರಲ್ಲಿ ಮಾತು ನಿಂತಿತ್ತು. ಮನೆಗೆ ಬಂದವರೆಲ್ಲ 'ತೀರಿಕೊಂಡರು', 'ಹೋಗಿಬಿಟ್ಟರು' ಅಂತ ಮೆತ್ತಗೆ ಹೇಳಿದರು. ಅವಳು ಯಾರು ಕೇಳಿದರೂ ಸತ್ತರು ಅಂತಲೇ ಹೇಳಿದಳು. ಹೋದವರು ಬರಬಹುದು. ಇವರು ಬರುವುದಿಲ್ಲ.

ಅವರ ಚೀಲದಲ್ಲಿ ಡಬ್ಬಿ, ಸೀಮೆಸುಣ್ಣ, ನೀಲಿ ದಾಳ ಇದ್ದವು. ಡಬ್ಬಿ ತೊಳೆದಿಟ್ಟಳು. ಸೀಮೆಸುಣ್ಣ ಹಾಗೇ ಇತ್ತು. ದಾಳ ಮೂಸಿ ನೋಡಿದಳು. ಮಕ್ಕಳ ಕೈ ವಾಸನೆ. ಅವರದಲ್ಲ.

ಶಾಲೆಯಲ್ಲಿ ಸಂತಾಪ ಸಭೆ ಅಂತ ಕರೆದರು. ಹೆಡ್ ಮೇಷ್ಟ್ರು ಭಾಷಣದಲ್ಲಿ ಅವರನ್ನು ಕಣ್ಮಣಿ ಅಂದರು, ಶಾಲೆಯ ಆಸ್ತಿ ಅಂದರು. ಬದುಕಿದ್ದಾಗ ಒಂದು ಕುರ್ಚಿ ಕೊಟ್ಟವರಲ್ಲ. ಆಮೇಲೆ ಅವಳನ್ನು ಕರೆದುಕೊಂಡು ಹೋಗಿ ಒಂದು ಗಾಜಿನ ಬೀರು ತೋರಿಸಿದರು. ಮೇಷ್ಟ್ರ ಹಾಸು, ಮುಚ್ಚಳಗಳು, ಗಂಟು ಹಾಕಿದ ಹಗ್ಗ, ಎಲ್ಲ ಒಳಗಿದ್ದವು. ಹಾಸಿನ ನಡುವೆ ಹಳದಿ ದಾಳ. ಬೀರುವಿಗೆ ಬೀಗ.

"ಮಕ್ಕಳು ಆಡೋದಿಲ್ವಾ ಸಾರ್?"

"ಆಡಿದ್ರೆ ಹಾಳಾಗುತ್ತಲ್ಲಮ್ಮ. ಇದೆಲ್ಲ ನೆನಪಿಗೆ."

"ನಾನು ಹೊಲಿದ ಹಾಸು ಅದು. ಮನೆಗೆ ಕೊಡ್ತೀರಾ?"

"ಅದು ಈಗ ಶಾಲೆ ಆಸ್ತಿ." ಹೆಡ್ ಮೇಷ್ಟ್ರು ದನಿ ತಗ್ಗಿಸಿದರು. "ನಿಮ್ಮ ವಿಷಯ ನನ್ನ ತಲೇಲಿದೆ. ಹೊಲಿಗೆ ಟೀಚರ್ ಜಾಗ ಒಂದು ಖಾಲಿ ಆಗೋದಿದೆ. ಮುಂದಿನ ವರ್ಷ ನಿಮ್ಮನ್ನೇ ತಗೊಳ್ಳೋಣ. ಅಲ್ಲಿವರೆಗೆ ಯೂನಿಫಾರ್ಮಿನ ಗುಂಡಿ ಕೆಲಸ ಇದ್ದೇ ಇರುತ್ತೆ, ಕಳಿಸ್ತಾ ಇರ್ತೀನಿ. ಸುಮ್ಮನೆ ಸೇವೆ ಅಂತ ಮಾಡ್ಕೊಡಿ. ನಾಲ್ಕು ಜನರ ಕಣ್ಣಿಗೆ ಬಿದ್ದ ಹಾಗಾಗುತ್ತೆ."

ಅವಳು ಸೆರಗಿನ ಗಂಟಿನಿಂದ ನೀಲಿ ದಾಳ ತೆಗೆದು ಅವರ ಕೈಗಿಟ್ಟಳು.

"ಇದರಲ್ಲಿ ಮೂರು ಎಲ್ಲಿದೆ ತೋರಿಸಿ ಸಾರ್."

ಹೆಡ್ ಮೇಷ್ಟ್ರು ಈ ಹೆಂಗಸಿಗೆ ದುಃಖದಲ್ಲಿ ತಲೆ ಕೆಟ್ಟಿದೆ ಅಂದುಕೊಂಡಿರಬೇಕು. ಮರ್ಯಾದೆಗೆ ತಿರುಗಿಸಿ ನೋಡಿದರು. ಇನ್ನೊಮ್ಮೆ ತಿರುಗಿಸಿದರು. ಇಷ್ಟು ವರ್ಷದಲ್ಲಿ ಅದನ್ನು ಕೈಯಲ್ಲಿ ಹಿಡಿದದ್ದು ಅದೇ ಮೊದಲು.

"ಇಲ್ವಲ್ಲಮ್ಮ. ನಾಲ್ಕು ಎರಡು ಸಲ ಇದೆ. ತಪ್ಪು ಹೊಲಿದಿದ್ದಾರೆ ಯಾರೋ."

"ನಾನೇ."

"ಅಯ್ಯೋ, ಇರಲಿ ಬಿಡಿ" ಅಂತ ಅವರು ನಕ್ಕು, ದಾಳವನ್ನು ವಾಪಸ್ಸು ಕೊಟ್ಟರು. ಅವರ ತಲೆಗೆ ಏನೂ ಹತ್ತಲಿಲ್ಲ. ಎರಡನೇ ಕ್ಲಾಸಿನ ಮಗುವಿಗೆ ಹತ್ತಿದ್ದು ಅವರಿಗೆ ಹತ್ತಲಿಲ್ಲ. ಅವಳು ವಿವರಿಸುವುದಕ್ಕೂ ಹೋಗಲಿಲ್ಲ. ವಿವರಿಸುವ ಕೆಲಸ ಅವಳ ಗಂಡನದು, ಅವರನ್ನೇ ಸುಟ್ಟು ಬಂದಾಗಿತ್ತು.

ಮುಂದಿನ ವಾರ ಜವಾನ ಸೈಕಲ್ಲಿನ ಹಿಂದೆ ಒಂದು ಗಂಟು ಕಟ್ಟಿಕೊಂಡು ಬಂದ. ನೀಲಿ ಚಡ್ಡಿಗಳು, ನೀಲಿ ಲಂಗಗಳು, ಗುಂಡಿಯ ಪೊಟ್ಟಣ. ವಯಸ್ಸಾದ ಮನುಷ್ಯ, ಮೇಷ್ಟ್ರಿಗೆ ಬೇಕಾದವನು. ಗಂಟನ್ನು ಹೊಸ್ತಿಲ ಒಳಗಿಟ್ಟು ಉಸಿರು ಬಿಟ್ಟ.

"ಶನಿವಾರಕ್ಕೆ ಬೇಕಂತೆ ತಾಯಿ. ಮುಂದಿನ ವರ್ಷ ನಿಮ್ಮ ಕೆಲಸ ಆಗೇ ಆಗುತ್ತೆ ಅಂತಲೂ ಹೇಳು ಅಂದ್ರು."

ಅವಳಿಗೆ ಕೆಲಸ ಬೇಕಾಗಿತ್ತು. ಬಾಡಿಗೆ ಮನೆ, ಒಂಟಿ ಜೀವ. ಕಣ್ಣೂ ಮಂಜಾಗುತ್ತಿತ್ತು. ಬೇಡ ಅನ್ನುವ ಹಾಗಿರಲಿಲ್ಲ. ಮಿಷನ್ನಿನ ಮುಂದೆ ಕೂತೇ ಸ್ವಲ್ಪ ಹೊತ್ತು ಆ ಗಂಟನ್ನು ನೋಡಿದಳು. ಆಮೇಲೆ ಎದ್ದು, ಎರಡೂ ಕೈಯಲ್ಲಿ ಅದನ್ನು ಎತ್ತಿ, ಹೊಸ್ತಿಲ ಹೊರಗಿಟ್ಟಳು.

ಜವಾನ ಗಾಬರಿಯಾದ. "ಇದೇನು ತಾಯಿ? ಸಾಹೇಬರಿಗೆ ಏನಂತ ಹೇಳ್ಲಿ?"

"ಆಡಲ್ಲ ಅಂದಳು ಅಂತ ಹೇಳು."

ಜವಾನನಿಗೆ ಅರ್ಥವಾಗಲಿಲ್ಲ. ಗಂಟನ್ನು ಮತ್ತೆ ಸೈಕಲ್ಲಿಗೆ ಕಟ್ಟಿಕೊಂಡ. ಅವಳು ಒಳಗೆ ಹೋಗಿ ಬೇರೆಯವರ ರವಿಕೆಯೊಂದನ್ನು ಮಿಷನ್ನಿಗೆ ಕೊಟ್ಟಳು. ಹೀಗೆ ಮಾಡಿದ್ದನ್ನು ಹೇಳಿ ಹೇಳಿ ನಗಬೇಕಾಗಿದ್ದ ಮನುಷ್ಯ ಇರಲಿಲ್ಲ.